ಬಾವಿಯ ಕಡೆಗೆ ತಿರುಗಿ ನಿಂತವಳು

ತುಮಕೂರಿನಿಂದ ಹೊರಡುವ ಮೊದಲ ಬಸ್ಸು ಗುಬ್ಬಿ ನಿಲ್ದಾಣಕ್ಕೆ ಬಂದು ನಿಲ್ಲುವ ಹೊತ್ತಿಗೆ ಟೀ ಅಂಗಡಿಯ ಒಲೆ ಇನ್ನೂ ಹತ್ತಿರುವುದಿಲ್ಲ. ಇಳಿಯುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ಒಂದು ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಇನ್ನೊಂದರಲ್ಲಿ ಮುಚ್ಚಳವಿರುವ ಬಕೆಟ್ಟು ಹಿಡಿದು ಕೊನೆಯವರಾಗಿ ಇಳಿಯುವವರು ಮುಖ್ತಾರ್ ಅಹಮದ್. ಡಬ್ಬಿಯಲ್ಲಿ ಕುಂಚಗಳಿವೆ, ಬಕೆಟ್ಟಿನಲ್ಲಿ ಒದ್ದೆ ಬಟ್ಟೆ. ವಯಸ್ಸು ಅರವತ್ತರ ಹೊಸ್ತಿಲಲ್ಲಿದೆ, ಮಂಡಿ ನೋವು ಅಂತಾರೆ, ಆದರೆ ಗಾಣಿಗರ ಬೀದಿಯ ಕಡೆ ಅವರು ಹಾಕುವ ಹೆಜ್ಜೆ ನೋಡಿದರೆ ಇವರಿಗೆ ಮಂಡಿಯೇ ಇಲ್ಲವೇನೋ ಅನ್ನಿಸಬೇಕು.

ಬೀದಿಯ ತುದಿಯಲ್ಲಿ ಒಂದು ಮೆಟ್ಟಿಲು ಬಾವಿ. ಅದರ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಒಂದು ಚಿತ್ರ. ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸು, ಬೀದಿಗೆ ಬೆನ್ನು ಹಾಕಿ ಬಾವಿಯನ್ನೇ ನೋಡುತ್ತ ನಿಂತಿದ್ದಾಳೆ. ಮುಖ ಕಾಣುವುದಿಲ್ಲ. ತುರುಬಿಗೆ ಮಲ್ಲಿಗೆ ದಂಡೆ, ಮೈಮೇಲೆ ಚೌಕುಳಿ ಸೀರೆ. ಮುಖ್ತಾರ್ ಬಟ್ಟೆ ಹಿಂಡಿ ಅವಳ ಮೇಲೆ ಕೂತ ಧೂಳನ್ನು ಒರೆಸುತ್ತಾರೆ. ಕೊಡದ ಕಂಠದಲ್ಲಿ ಜೇಡ ಕಟ್ಟಿದ ಬಲೆ ತೆಗೆಯುತ್ತಾರೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಜೇಬಿನಿಂದ ಫೋನು ತೆಗೆದು ಚಿತ್ರಕ್ಕೆ ಎದುರಾಗಿ ಹಿಡಿಯುತ್ತಾರೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಫೋನಿನ ಪರದೆಯಲ್ಲಿ ಗೋಡೆಯ ಹೆಂಗಸು ಮೆಲ್ಲಗೆ ಕತ್ತು ತಿರುಗಿಸಿ ನೋಡುತ್ತಾಳೆ. ಅವಳ ಹಿಂದೆ ಬಾವಿಯ ಮೆಟ್ಟಿಲುಗಳು ತೊಳೆದಂತೆ ಕಾಣುತ್ತವೆ, ಮೆಟ್ಟಿಲ ಮೇಲೆ ಮೆಟ್ಟಿಲು ನೀರು ಏರುತ್ತದೆ.

"ಹ್ಞಾಂ, ಎದ್ದವ್ಳೆ," ಎನ್ನುತ್ತಾರೆ ಮುಖ್ತಾರ್. ದಿನದ ಮೊದಲ ಮಾತು ಅದು.

ಇವಳು ಏಳದೇ ಹೋದ ದಿನಗಳೂ ಇದ್ದವು. ಒಮ್ಮೆ ಹಾಗೆ ಮಲಗಿದ್ದಕ್ಕೇ ಈ ಬಾವಿಗೆ ಮಣ್ಣು ಬೀಳುವುದರಲ್ಲಿತ್ತು. ಆ ಗಂಡಾಂತರ ಇನ್ನೂ ಪೂರ್ತಿ ಕಳೆದಿಲ್ಲ. ಬಾವಿ ಮುಚ್ಚಿ ಗಾಡಿ ನಿಲ್ಲಿಸಲು ಜಾಗ ಮಾಡುವ ತೀರ್ಮಾನವನ್ನು ಊರಿನ ಆಡಳಿತದವರು ಪಕ್ಕಕ್ಕಿಟ್ಟಿದ್ದಾರೆಯೇ ಹೊರತು ಹರಿದು ಹಾಕಿಲ್ಲ. ದೀಪಾವಳಿಯ ಹೊತ್ತಿಗೆ ಬಾವಿಯಲ್ಲಿ ಕಸ ಇರಬಾರದು, ನೀರು ಇರಬೇಕು. ಇಲ್ಲದಿದ್ದರೆ ಮಣ್ಣಿನ ಲಾರಿ ಬರುತ್ತದೆ. ಮಾತು ಅಷ್ಟೇ. ಆ ಮಾತು ತಪ್ಪದಂತೆ ಕಾಯಲು ದಿನ ಬಿಟ್ಟು ದಿನ ಬೆಳಗಿನ ಬಸ್ಸು ಹತ್ತುವವರು ಈ ಪೇಂಟರ್ ಸಾಹೇಬರು.

ತುಮಕೂರಿನಲ್ಲಿ 'ಮುಖ್ತಾರ್ ಆರ್ಟ್ಸ್' ಎಂಬ ಹೆಸರನ್ನು ಓದದವರು ಕಡಿಮೆ, ಆ ಮುಖ್ತಾರ್ ಯಾರೆಂದು ಬಲ್ಲವರು ಇನ್ನೂ ಕಡಿಮೆ. ಹಳೆಯ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಲಾರಿಯ ಹಿಂಬದಿ, ಶಾಲೆಯ ಗೋಡೆಯ ಸುಭಾಷಿತ, ಎಲ್ಲದರ ಬಲಮೂಲೆಯಲ್ಲೂ ಸಣ್ಣದಾಗಿ ಆ ಹೆಸರಿದೆ. ಕುಣಿಗಲ್, ಗುಬ್ಬಿ, ಸಿ.ಎಸ್. ಪುರದವರೆಗೂ ಸೈಕಲ್ ತುಳಿದು ಹೋಗಿ ಬೋರ್ಡು ಬರೆದವರು. ಗೋಡೆಗಳ ಮೇಲೆ 'ಇಲ್ಲಿ ಕಸ ಹಾಕಬಾರದು' ಎಂದು ಬರೆದದ್ದಕ್ಕಂತೂ ಲೆಕ್ಕವೇ ಇಲ್ಲ. ಆ ಅಕ್ಷರ ಒಣಗುವ ಮೊದಲೇ ಅದರ ಬುಡದಲ್ಲಿ ಒಂದು ಗುಡ್ಡೆ ಬಿದ್ದಿರುತ್ತಿತ್ತು. ನಮ್ಮ ಜನ ಓದುತ್ತಾರೆ, ಓದಿ ಅಲ್ಲೇ ಹಾಕುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅಕ್ಷರಕ್ಕೆ ಹೆದರದವರು ದೇವರಿಗಾದರೂ ಹೆದರಲಿ ಎಂದು, ಗೋಡೆಗಳ ಮೇಲೆ ಸಾಲಾಗಿ ಮೂರೂ ಧರ್ಮದ ಗುರುತುಗಳನ್ನು ಬರೆಸುವ ಪರಿಪಾಠ ಎಲ್ಲ ಊರಲ್ಲೂ ಇದೆ. ಮುಖ್ತಾರ್ ಅದನ್ನೂ ಬರೆದಿದ್ದಾರೆ, ಬೇಸರದಲ್ಲೇ ಬರೆದಿದ್ದಾರೆ. "ದೇವ್ರನ್ನ ಗಲೀಜು ಕಾಯೋ ವಾಚ್‌ಮನ್ ಮಾಡ್ಬಾರ್ದು ಸಾರ್. ನನ್ ಮನ್ಸಿಗೆ ಒಪ್ತಿರ್ಲಿಲ್ಲ. ಆದ್ರೆ ಬರ್ಸೋರು ಅವ್ರು, ಬರಿಯೋನು ನಾನು," ಎನ್ನುತ್ತಾರೆ.

ಆಮೇಲೆ ಫ್ಲೆಕ್ಸ್ ಬಂತು. ಬೆಳಗ್ಗೆ ಅಂಗಡಿಯ ಬಾಗಿಲು ತೆರೆದರೆ ಸಂಜೆಯವರೆಗೂ ಒಬ್ಬ ಗಿರಾಕಿಯೂ ಬಾರದ ಕಾಲ ಶುರುವಾಯಿತು. ಜೊತೆಯ ಪೇಂಟರುಗಳಲ್ಲಿ ಒಬ್ಬರು ಹಣ್ಣಿನ ಗಾಡಿ ಇಟ್ಟರು, ಇನ್ನೊಬ್ಬರು ಆಟೊ ಓಡಿಸಿದರು. ಮುಖ್ತಾರ್ ಮನೆಮನೆಯ ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋದರು. ಅಕ್ಷರ ಬರೆಯುವ ಕೈ ರೋಲರ್ ಹಿಡಿಯಿತು. ಬೀದಿಯಲ್ಲಿ ನಡೆಯುವಾಗ ತಲೆ ತಗ್ಗಿಸಿ ನಡೆಯುತ್ತಿದ್ದರು, ಮೇಲೆ ನೋಡಿದರೆ ಎಲ್ಲ ಕಡೆ ಪ್ರಿಂಟು ಹೊಡೆದ ಬೋರ್ಡುಗಳೇ ಕಾಣುತ್ತಿದ್ದವು ಎಂದು ಹೆಂಡತಿ ಖಮರುನ್ನೀಸಾ ನೆನೆಯುತ್ತಾರೆ.

ಇಂಥ ಹೊತ್ತಿನಲ್ಲಿ ಇವರನ್ನು ಹುಡುಕಿಕೊಂಡು ಬಂದವರು ಕಾವ್ಯ. ತುಮಕೂರಿನಲ್ಲೇ ಎಂಜಿನಿಯರಿಂಗ್ ಓದಿ, ಮೂವರು ಗೆಳತಿಯರೊಡನೆ ಸಣ್ಣದೊಂದು ಕಂಪನಿ ನಡೆಸುತ್ತಿರುವ ಯುವತಿ. ಆಗ್ಮೆಂಟೆಡ್ ರಿಯಾಲಿಟಿ ಎಂಬುದು ಅವರ ಕಸುಬು. ಎದುರಿಗಿರುವ ವಸ್ತುವಿನ ಮೇಲೆ ಅಲ್ಲಿ ಇಲ್ಲದ್ದನ್ನು ಕೂರಿಸಿ ಫೋನಿನಲ್ಲಿ ತೋರಿಸುವ ವಿದ್ಯೆ. ಫೋನಿಗೆ ಗುರುತು ಸಿಗಲು ಗೋಡೆಯ ಮೇಲೆ ಒಂದು ಚಿತ್ರ ಬೇಕು. ಚಿತ್ರ ಕಂಡರೆ ಫೋನು ಎಚ್ಚರಗೊಳ್ಳುತ್ತದೆ. ಮೊದಲು ಕಾವ್ಯ ಫ್ಲೆಕ್ಸನ್ನೇ ಅಂಟಿಸಿದ್ದರು. ಬಿಸಿಲಿಗೆ ಅದು ಹೊಳೆದು ಫೋನಿನ ಕಣ್ಣು ಕುಕ್ಕಿತು. ಮಿಕ್ಕ ಫ್ಲೆಕ್ಸುಗಳನ್ನು ಜನ ಬಿಚ್ಚಿಕೊಂಡು ಹೋಗಿ ಹುಲ್ಲಿನ ಮೆದೆಗೆ ಹೊದಿಸಿಕೊಂಡರು. ಗೋಡೆಯಿಂದ ಯಾರೂ ಕದಿಯಲಾಗದ ಚಿತ್ರ ಬೇಕೆಂದು ಕಾವ್ಯ ಹುಡುಕಿ ಹೊರಟಾಗ, ಬೋರ್ಡುಗಳ ಮೂಲೆಯ ಹೆಸರೇ ಅವರಿಗೆ ವಿಳಾಸವಾಯಿತು.

ಎರಡು ದಿನ ಮುಖ್ತಾರ್‌ಗೆ ಇದೇನೆಂದು ತಲೆಗೇ ಹೋಗಲಿಲ್ಲ. ಮೂರನೆಯ ದಿನ ಅವರೇ ಒಂದು ಹೆಸರು ಕೊಟ್ಟುಕೊಂಡರು.

"ಇದು ನಮ್ ಪರದೇನೇ ಅಲ್ವಾ ಕಾವ್ಯಮ್ಮ? ನಾಟಕದಲ್ಲಿ ಹಿಂದೆ ಅರಮನೆ ಪರದೆ ಬಿಡ್ತಿದ್ರು, ಬರೀ ಹಲಗೆ ಮೇಲೆ ನಿಂತೋನು ರಾಜ ಆಗ್ತಿದ್ದ. ನೀವು ಫೋನಲ್ಲಿ ಪರದೆ ಬಿಡ್ತೀರ."

ಕಾವ್ಯ ನಕ್ಕರಂತೆ. ನಕ್ಕರೂ, ಅಂದಿನಿಂದ ಅವರ ಕಚೇರಿಯಲ್ಲೂ ಅದಕ್ಕೆ ಪರದೆ ಎಂದೇ ಹೆಸರು.

ಪರದೆಯ ಮಾತು ಮುಖ್ತಾರ್ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಗುಬ್ಬಿ ನಾಟಕದ ಊರು. ಮುಖ್ತಾರ್ 'ಅಬ್ಬ' ಎಂದು ಕರೆಯುವ ಅವರ ತಂದೆ ಗೌಸ್ ಪೀರ್ ಇಲ್ಲಿಗೆ ಬರುತ್ತಿದ್ದ ನಾಟಕ ಕಂಪನಿಗಳಿಗೆ ಪರದೆ ಬರೆಯುವವರ ಬಳಿ ಬಣ್ಣ ಕಲಸುವ ಕೆಲಸದಲ್ಲಿದ್ದರು. ಗಾಣಿಗರ ಬೀದಿಯ ಈ ಬಾವಿಯಿಂದಲೇ ಕೊಡ ಹೊತ್ತು ತಂದು, ಪುಡಿ ಬಣ್ಣಕ್ಕೆ ಅಂಟು ಬೆರೆಸಿ ಕಲಸುತ್ತಿದ್ದರು. ಬೇರೆ ಬಾವಿಯ ನೀರು ಉಪ್ಪು, ಒಣಗಿದ ಮೇಲೆ ಬಣ್ಣದ ಮೇಲೆ ಬಿಳಿ ಪುಡಿ ಏಳುತ್ತದೆ ಎನ್ನುತ್ತಿದ್ದರಂತೆ. ಪರದೆಯ ಮೂಲೆಯಲ್ಲಿ ಬರೆದವರ ಹೆಸರು ಬೀಳುತ್ತಿತ್ತು. ಬಣ್ಣ ಕಲಸಿದವರ ಹೆಸರು ಯಾಕೆ ಬೀಳುತ್ತದೆ? ಅಬ್ಬ ಒಂದು ದಿನವೂ ಅದನ್ನು ಕೇಳಿದವರಲ್ಲ, ಆದರೆ ನಾಟಕ ಶುರುವಾಗಿ ಪರದೆ ಇಳಿದಾಗ ಬೇರೆಲ್ಲೂ ನೋಡದೆ ಆ ಮೂಲೆಯನ್ನೇ ನೋಡುತ್ತಿದ್ದರು ಎಂದು ಮಗನಿಗೆ ಚೆನ್ನಾಗಿ ನೆನಪಿದೆ.

ತುಮಕೂರಿನ ಮಾರುಕಟ್ಟೆ ಬಳಿಯ ಗೋಡೆ, ಕುಣಿಗಲ್‌ನಲ್ಲಿ ಯಡಿಯೂರಿಗೆ ಹೋಗುವ ಯಾತ್ರಿಕರು ಬಸ್ಸಿಗೆ ಕಾಯುವ ಜಾಗ, ಹೀಗೆ ಒಂದೊಂದಾಗಿ ಚಿತ್ರಗಳು ಎದ್ದವು. ಕುಣಿಗಲ್‌ನ ಹಸುವಿನ ಚಿತ್ರಕ್ಕೆ ಫೋನು ಹಿಡಿದರೆ ಅದರ ಹೊಟ್ಟೆಯೊಳಗಿನ ಪ್ಲಾಸ್ಟಿಕ್ ತಟ್ಟೆಗಳು ಕಾಣುತ್ತವೆ. ಕೈಯಲ್ಲಿದ್ದ ತಟ್ಟೆಯನ್ನು ಎಸೆಯಲು ಹೋದವರು ಅದನ್ನು ಕಂಡು ವಾಪಸ್ ಚೀಲಕ್ಕೆ ಹಾಕಿಕೊಂಡದ್ದನ್ನು ಮುಖ್ತಾರ್ ತಾವೇ ನಿಂತು ನೋಡಿದ್ದಾರೆ.

ಗುಬ್ಬಿಯ ಬಾವಿಯ ಸುದ್ದಿ ಬಂದದ್ದು ಆಗ. ಬಾವಿಯ ಎದುರು ಮನೆಯ ದೊಡ್ಡಗಂಗಮ್ಮ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಆಡಳಿತದವರ ಬಳಿ ಹೋಗಿ, ಬಾವಿ ಮುಚ್ಚಬೇಡಿ ಎಂದು ಕೇಳಿದ್ದರು. ನಿಮ್ಮ ಬೀದಿಯವರೇ ತಾನೇ ಅದಕ್ಕೆ ಕಸ ತುಂಬಿದ್ದು ಎಂಬ ಉತ್ತರ ಬಂತು. ಸುಳ್ಳೇನಲ್ಲ. ಶಿವರಾತ್ರಿಗೆ ಬಂದು ನೋಡುತ್ತೇವೆ, ಅಷ್ಟರಲ್ಲಿ ಕಸ ಹಾಕುವುದು ನಿಲ್ಲಬೇಕು ಎಂದರು. ಕಾವ್ಯ ಒಂದು ಹೂಟ ಹೂಡಿದರು. ಗೋಡೆಗೊಂದು ಚಿತ್ರ, ಹಸಿ ಕಸ ಹಾಕಲು ಒಂದು ಡ್ರಮ್ಮು, ಡ್ರಮ್ಮಿನ ಮೇಲೆ ಆಮೆಯ ಚಿತ್ರ. ತರಕಾರಿ ಸಿಪ್ಪೆಯನ್ನು ಡ್ರಮ್ಮಿಗೆ ಹಾಕಿ ಆಮೆಗೆ ಫೋನು ತೋರಿಸಿದರೆ, ಅದು ಬೆನ್ನ ಮೇಲೆ ಹನಿ ನೀರು ಹೊತ್ತು ಬಾವಿಗೆ ಹೋಗುತ್ತದೆ. ಇಡೀ ಬೀದಿ ಹಾಕಿದಷ್ಟೂ ಫೋನಿನ ಬಾವಿಯಲ್ಲಿ ನೀರು ಏರುತ್ತದೆ. ಸಿಪ್ಪೆ ಗೊಬ್ಬರವಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆಂದು ಆಂಜನಪ್ಪನವರ ಹಿಟ್ಟಿನ ಗಿರಣಿಯಲ್ಲಿ ಒಂದು ಹಳೆಯ ಫೋನು ಇಡಲಾಯಿತು.

ತಮ್ಮ ಅಬ್ಬ ನೀರು ಹೊತ್ತ ಬಾವಿ! ಮುಖ್ತಾರ್ ಅವರ ಕೈ ತಡೆಯುವುದುಂಟೇ? ಎಲೆ, ಮೀನು, ಮಡಕೆಯ ಚೂರು, ಇಂಥವನ್ನೇ ಬರೆಯಿರಿ, ಮೂಲೆಗಳು ಹೆಚ್ಚಿದ್ದಷ್ಟೂ ಫೋನಿಗೆ ಗುರುತು ಹಿಡಿಯುವುದು ಸುಲಭ ಎಂದು ಕಾವ್ಯ ಕೇಳಿಕೊಂಡರು. ಮುಖವಿಲ್ಲದ ಗೋಡೆಯನ್ನು ಯಾರು ನೋಡುತ್ತಾರೆ ಎಂದು ಇವರು ಹಟ ಹಿಡಿದರು. ನೀರಿಗೆ ಬಂದ ಹೆಂಗಸನ್ನು ಎದುರುಮುಖವಾಗಿ ಬರೆದರು. ದೊಡ್ಡ ಕಣ್ಣು, ಮೂಗಿಗೆ ನತ್ತು, ತುಟಿಯಲ್ಲಿ ಸಣ್ಣ ನಗು, ಥೇಟ್ ನಾಟಕದ ಪರದೆಯ ಮುಖ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗಾಯಿತು. ಮೊದಲ ಶುಕ್ರವಾರವೇ ಹೆಂಗಸಿನ ಹಣೆಗೆ ಕುಂಕುಮ ಬಿತ್ತು. ಎರಡನೆಯ ಶುಕ್ರವಾರ ಕೆನ್ನೆಗೆ ಅರಿಸಿನ, ಮೊಳೆ ಹೊಡೆದು ಹೂವಿನ ಹಾರ, ಕಾಲ ಬಳಿ ದೀಪ. ಬೀದಿಯವರಿಗೆ ಅವಳು ನೀರಿಗೆ ಬಂದವಳಲ್ಲ, ನೀರೇ ಆದ ದೇವಿ ಗಂಗಮ್ಮ.

ದೀಪದ ಹೊಗೆ, ಅರಿಸಿನ, ಹಾರ ಎಲ್ಲ ಸೇರಿ ಫೋನಿಗೆ ಗುರುತೇ ಸಿಗದಂತಾಯಿತು. ಅದಕ್ಕಿಂತ ದೊಡ್ಡ ಅನಾಹುತ ಬೇರೆ. ಪೂಜೆ ಮಾಡಿದ ಹೂವನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲವಲ್ಲ, ತುಳಿಯಬಾರದು. ಅದನ್ನು ಭಕ್ತಿಯಿಂದ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಬಿಗಿದು, ಗಂಗಮ್ಮನ ಪಾಲು ಗಂಗಮ್ಮನಿಗೇ ಎಂದು ಬಾವಿಗೆ ಬಿಟ್ಟರು. ಕಸ ಹಾಕುವಾಗಲಾದರೂ ಅಷ್ಟಿಷ್ಟು ಅಳುಕಿತ್ತು. ಇದಕ್ಕೆ ಅದೂ ಇರಲಿಲ್ಲ. ಶಿವರಾತ್ರಿಗೆ ಆಡಳಿತದವರು ಬಂದು ಇಣುಕಿದಾಗ ಬಾವಿ ಮೊದಲಿಗಿಂತ ಹೆಚ್ಚು ತುಂಬಿತ್ತು. ಫೋನು ಹಿಡಿದರೆ ಹೆಂಗಸು ಏಳಲಿಲ್ಲ. ಕಾವ್ಯ ಮತ್ತೆ ಮತ್ತೆ ಹಿಡಿದರು. ಬಂದವರು ಗಡಿಯಾರ ನೋಡಿಕೊಂಡು, ಯುಗಾದಿಗೆ ಮತ್ತೆ ಬರುತ್ತೇವೆ, ಅದೇ ಕೊನೆ ಎಂದು ಹೇಳಿ ಹೊರಟರು.

ಆ ಮಧ್ಯಾಹ್ನವನ್ನು ನೆನೆದರೆ ಮುಖ್ತಾರ್ ದನಿ ಈಗಲೂ ಇಳಿಯುತ್ತದೆ. "ಕಸ ಹಾಕ್ಬೇಡಿ ಅಂತ ಬರ್ದಾಗ ಬುಡದಲ್ಲಿ ಕಸ ಹಾಕಿದ್ರು, ಅದಕ್ಕೆ ನಗ್ತಿದ್ದೆ. ಇದು ಹಂಗಲ್ಲ. ಅಬ್ಬ ನೀರು ಸೇದಿದ ಬಾವಿ ತುಂಬ್ಸಿದ್ದು ನನ್ ಕೈಬರಹ. ಬಸ್ಸಲ್ಲಿ ಕೂತು ಕಣ್ಣೀರು ಬಂತು."

ಕುಂಕುಮ ಒರೆಸಿಬಿಡಿ ಎಂದು ಯಾರೋ ಸಲಹೆ ಕೊಟ್ಟರು. ಬೇರೆ ಯಾರಾದರೂ ಒರೆಸಬಹುದಿತ್ತೇನೋ, ಮುಖ್ತಾರ್ ಒರೆಸಲಾರರು. ಊರು ಏನನ್ನುತ್ತದೆಂಬ ಭಯ ಒಂದು ಕಡೆ ಇರಲಿ, ಯಾರೋ ನಂಬಿ ಇಟ್ಟ ಕುಂಕುಮವನ್ನು ಬಟ್ಟೆಯಿಂದ ಉಜ್ಜಲು ಅವರಿಗೆ ಮನಸ್ಸೇ ಬರಲಿಲ್ಲ. ಮನೆಯಲ್ಲಿ ಖಮರುನ್ನೀಸಾ ಹೇಳಿದ್ದು ಒಂದೇ ಮಾತು. ಬರೆದವರು ನೀವು, ಹೋಗಿ ಅವರೆದುರೇ ಕೂತು ಹೇಳಿ, ಗೋಡೆಯ ಹತ್ತಿರ ಕಳ್ಳನ ಹಾಗೆ ಹೋಗಬೇಡಿ ಎಂದು. ಮರುದಿನ ಇವರು ದೊಡ್ಡಗಂಗಮ್ಮನವರ ಜಗಲಿಯ ಮೇಲೆ ಹೋಗಿ ಕೂತರು. ಬೀದಿಯ ಹೆಂಗಸರೆಲ್ಲ ಬಂದರು.

"ಅಮ್ಮಾ, ಅವ್ಳು ದೇವ್ರಲ್ಲ. ನೀರಿಗೆ ಬಂದಿರೋ ಹೆಂಗ್ಸು, ನಾನು ಬರ್ದಿದ್ದು. ದೇವ್ರ ಮುಖ ಬಂದ್ಬುಡ್ತು. ತಪ್ಪು ನಂದು," ಎಂದರು.

ದೊಡ್ಡಗಂಗಮ್ಮ ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ಗೋಡೆಯ ಕಡೆಯೇ ನೋಡಿದರು. ಎಪ್ಪತ್ತು ದಾಟಿದ ಜೀವ, ಈ ಬೀದಿಗೆ ಸೊಸೆಯಾಗಿ ಬಂದ ದಿನ ಮೊದಲು ಪೂಜೆ ಮಾಡಿದ್ದು ಈ ಬಾವಿಗೇ.

"ಕುಂಕುಮ ಇಟ್ಟಿರೋ ಮುಖಕ್ಕೆ ಸುಣ್ಣ ಹೊಡಿ ಅನ್ನಾಕೆ ನನ್ ಬಾಯಲ್ಲಿ ಬರಾಕಿಲ್ಲ ಸಾಬ್ರೇ," ಎಂದರು ಕೊನೆಗೆ. "ಆದ್ರೆ ಒಂದು ಮಾತು. ಅವ್ಳು ನಮ್ಮನ್ನ ನೋಡ್ತಾ ನಿಂತವ್ಳೆ, ನಾವು ಅವ್ಳನ್ನ ನೋಡ್ತಾ ನಿಂತಿದೀವಿ. ಬಾವಿ ನೋಡೋರು ಯಾರು? ಅವ್ಳನ್ನ ಆ ಕಡೆ ತಿರುಗ್ಸಿ ನಿಲ್ಸಕ್ಕಾಯ್ತದಾ?"

ಆಗುತ್ತದೆ ಎಂದರು ಮುಖ್ತಾರ್. ಆದರೆ ತಿರುಗಿಸುವ ಮೊದಲು ಒಂದು ಕಟ್ಟಳೆ ನಡೆಯಬೇಕು ಎಂದು ಪಕ್ಕದ ಮನೆಯ ಕರಿಬಸಮ್ಮ ಹಟ ಹಿಡಿದರು. ಗುಡಿಯನ್ನು ಬಿಚ್ಚಿ ಕಟ್ಟುವ ಮುಂಚೆ ದೇವರನ್ನು ಕಳಸಕ್ಕೆ ಇಳಿಸಿಕೊಳ್ಳುತ್ತಾರಲ್ಲ, ಹಾಗೆ ಇವಳನ್ನೂ ಇಳಿಸಿಕೊಳ್ಳಬೇಕು. ಅದರಂತೆ ಹೆಂಗಸರು ಕಳಸ ಹೂಡಿ, ಚಿತ್ರಕ್ಕೆ ಆರತಿ ಬೆಳಗಿ, ಕಳಸದ ನೀರನ್ನು ಬಾವಿ ಕಟ್ಟೆಯ ಮೇಲಿನ ಒಂದು ಗುಂಡುಕಲ್ಲಿಗೆ ಎರೆದರು. ಇನ್ನು ಮೇಲೆ ಕುಂಕುಮ, ಹೂವು, ದೀಪ ಎಲ್ಲ ಕಲ್ಲಿಗೆ. ಅಷ್ಟೂ ಹೊತ್ತು ಮುಖ್ತಾರ್ ಸುಣ್ಣದ ಬಕೆಟ್ಟು ಪಕ್ಕಕ್ಕಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು. ಆರತಿ ಮುಗಿದ ಮೇಲೆ ಕರಿಬಸಮ್ಮ ಕೈಸನ್ನೆ ಮಾಡಿದರು, ಇವರು ಬ್ರಷ್ ಅದ್ದಿದರು.

ಅಲ್ಲಿಗೇ ಸುಖಾಂತವಾಗಲಿಲ್ಲ. ಬೆನ್ನು ತಿರುಗಿಸಿದ ಹೆಂಗಸೆಂದರೆ ಗೋಡೆ ತುಂಬ ಬರೀ ಸೀರೆ. ಫೋನಿಗೆ ಹಿಡಿಯಲು ಏನೂ ಸಿಗಲಿಲ್ಲ. ಮುಖ್ತಾರ್ ಅಳಿಸಿ, ದಾರ ಹಿಡಿದು ಗೆರೆ ಎಳೆದು, ಚೌಕುಳಿ ಸೀರೆ ಉಡಿಸಿದರು. ಎಲ್ಲ ಚೌಕವೂ ಒಂದೇ ಥರ ಇದ್ದದ್ದಕ್ಕೆ ಫೋನು ಇನ್ನೂ ಗೊಂದಲಕ್ಕೆ ಬಿತ್ತು. ಮತ್ತೆ ಅಳಿಸಿದರು. ಯುಗಾದಿ ಹತ್ತಿರ ಬರುತ್ತಿತ್ತು, ಬಿಸಿಲಲ್ಲಿ ಗೋಡೆಯ ಮುಂದೆ ಕೂತು ಎದ್ದು ಮಂಡಿ ಊದಿಕೊಂಡಿತ್ತು. ಇನ್ನು ಸಾಕು ಅಂಕಲ್, ಬೇರೆ ಏನಾದರೂ ಯೋಚಿಸೋಣ ಎಂದು ಕಾವ್ಯ ಅಂದರೆ ಇವರು ಕೇಳಲಿಲ್ಲ. ಒಂದು ಬೆಳಗ್ಗೆ ಬೀದಿಯಲ್ಲಿ ನಡೆದು ಬರುವಾಗ ಕಾಲಡಿ ನೋಡಿಕೊಂಡರು. ಒಂದೊಂದು ಬಾಗಿಲಲ್ಲೂ ಒಂದೊಂದು ರಂಗೋಲಿ, ಒಂದರಂತೆ ಇನ್ನೊಂದಿಲ್ಲ. ಅಂದೇ ಮನೆಮನೆ ನಿಂತು, ಆಯಾ ಮನೆಯ ಹೆಂಗಸಿನ ಕೈಯಿಂದಲೇ ಅವರ ರಂಗೋಲಿಯನ್ನು ನೆಲದ ಮೇಲೆ ಹಾಕಿಸಿಕೊಂಡು, ಸೀರೆಯ ಒಂದೊಂದು ಚೌಕದಲ್ಲಿ ಒಂದೊಂದನ್ನು ಕೂರಿಸಿದರು. ಹೊಳಪಿಲ್ಲದ, ನೀರಿನಲ್ಲಿ ಕಲಸುವ ಬಣ್ಣದಲ್ಲಿ. ಬಿಸಿಲು ಬಿದ್ದರೂ ಮಿಂಚಬಾರದಲ್ಲ.

ಕಾವ್ಯ ಫೋನು ಹಿಡಿದರು. ಹೆಂಗಸು ತಿರುಗಿ ನೋಡಿದಳು. ತಮ್ಮ ತಮ್ಮ ರಂಗೋಲಿ ಹುಡುಕಲು ಬೀದಿಯವರೆಲ್ಲ ಗೋಡೆಗೆ ಮುತ್ತಿಗೆ ಹಾಕಿದರು. ತನ್ನದನ್ನು ಸೆರಗಿನಲ್ಲಿ ಹಾಕದೆ ಕೆಳಗೆ ಅಂಚಿನ ಬಳಿ ಹಾಕಿದ್ದಕ್ಕೆ ಕರಿಬಸಮ್ಮ ಇಂದಿಗೂ ಮುಖ್ತಾರ್ ಮೇಲೆ ಮುನಿಸಿಕೊಂಡಿದ್ದಾರೆ.

ಇವತ್ತು ನೀರು ಎಷ್ಟನೇ ಮೆಟ್ಟಿಲಿಗೆ ಬಂತು ಎಂಬುದು ಈಗ ಗಾಣಿಗರ ಬೀದಿಯ ಬೆಳಗಿನ ಮಾತು. ಸಿಪ್ಪೆ ಡ್ರಮ್ಮಿಗೆ ಬೀಳುತ್ತದೆ, ಕಲ್ಲಿನ ಮೇಲಿನ ಬಾಡಿದ ಹೂವೂ ಡ್ರಮ್ಮಿಗೇ ಬೀಳುತ್ತದೆ, ಕವರಿಲ್ಲದೆ. ಮೊದಮೊದಲು ದೇವರ ಹೂವನ್ನು ಸಿಪ್ಪೆಯ ಜೊತೆ ಹಾಕುವುದೇ ಎಂದು ಹಿಂದೆಗೆದವರಿದ್ದರು. ಗೊಬ್ಬರವಾಗಿ ಗಿಡಕ್ಕೆ ಬಿದ್ದು ಮತ್ತೆ ಹೂವಾಗಿ ಬರಲಿ ಬಿಡಿ ಎಂದು ದೊಡ್ಡಗಂಗಮ್ಮನವರೇ ಮೊದಲ ಹಿಡಿ ಹಾಕಿದರು. ಯುಗಾದಿಗೆ ಬಂದವರು ಬಾವಿಯೊಳಗೆ ಹೊಸ ಕಸ ಕಾಣದೆ, ಮಣ್ಣಿನ ಲಾರಿಯನ್ನು ದೀಪಾವಳಿಯವರೆಗೆ ತಡೆದರು. ಬೇಸಿಗೆಯಲ್ಲಿ ಬೀದಿಯವರೇ ಇಳಿದು ಹೂಳೆತ್ತಿದರು. ಎಷ್ಟೋ ವರ್ಷದ ಕವರುಗಳು, ಒಡೆದ ಬಲ್ಬು, ಹಳೆಯ ಚಪ್ಪಲಿ, ಕೆಳಗೆ ತಳದಲ್ಲಿ ಮುಖ್ತಾರ್ ಅವರೇ ಬರೆದಿದ್ದ 'ಇಲ್ಲಿ ಕಸ ಹಾಕಬಾರದು' ಎಂಬ ತಗಡಿನ ಬೋರ್ಡೂ ಸಿಕ್ಕಿತು. ಅದನ್ನು ಕಂಡು ಬಿದ್ದು ಬಿದ್ದು ನಕ್ಕವರಲ್ಲಿ ಮೊದಲಿಗರು ಅವರೇ.

ಫೋನಿನಲ್ಲಿ ಬಾವಿ ತುಂಬಿ ಎಷ್ಟೋ ದಿನವಾಯಿತು. ನಿಜದ ಬಾವಿ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಆದರೆ ಕಳೆದ ವಾರ ಎರಡು ಒಳ್ಳೆಯ ಮಳೆ ಬಿದ್ದಿವೆ. ಇಂದು ಬೆಳಗ್ಗೆ ಮುಖ್ತಾರ್ ಗೋಡೆ ಒರೆಸಿ ಮುಗಿಸುವ ಹೊತ್ತಿಗೆ ದೊಡ್ಡಗಂಗಮ್ಮ ಹಗ್ಗ ಕಟ್ಟಿದ ಕೊಡಪಾನ ಹಿಡಿದು ಬರುತ್ತಾರೆ. ಕಟ್ಟೆಗೆ ಹೊಟ್ಟೆ ಒತ್ತಿ ನಿಂತು ಇಳಿಬಿಡುತ್ತಾರೆ. ಹಗ್ಗ ಹೋಗುತ್ತದೆ, ಹೋಗುತ್ತದೆ, ಕೆಳಗೆ ಎಲ್ಲೋ ಬುಳುಕ್ ಎಂದು ಸದ್ದಾಗುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಗ್ಗಕ್ಕೆ ಮುಖ್ತಾರ್ ಕೂಡ ಕೈ ಹಾಕುತ್ತಾರೆ. ಅರ್ಧ ಕೊಡ ನೀರು ಮೇಲೆ ಬರುತ್ತದೆ, ಹಾಲು ಹಾಕಿದ ಟೀಯ ಬಣ್ಣದ ನೀರು. ದೊಡ್ಡಗಂಗಮ್ಮ ಮೊದಲು ಒಂದು ಬೊಗಸೆ ಗುಂಡುಕಲ್ಲಿಗೆ ಎರೆದು, ಕಣ್ಣು ಒರೆಸಿಕೊಂಡು, ಬಳಿಕ ಮುಖ್ತಾರ್ ಮುಂದೆ ಮಾಡಿದ ಬಣ್ಣ ಕಲಸುವ ಮಗ್ಗಿಗೆ ತುಂಬುತ್ತಾರೆ.

ಗೋಡೆಯ ಬಲಮೂಲೆಯಲ್ಲಿ ಗೇಣಗಲ ಜಾಗ ಇನ್ನೂ ಖಾಲಿ ಇದೆ. ಎಲ್ಲ ಬೋರ್ಡಿಗೂ ಹೆಸರು ಹಾಕುವವರು ಇಷ್ಟು ದೊಡ್ಡ ಚಿತ್ರಕ್ಕೆ ಯಾಕೆ ಹಾಕಿಲ್ಲ ಎಂದು ಕೇಳಿದರೆ ಮುಖ್ತಾರ್ ಮಗ್ಗಿನೊಳಗೆ ನೋಡುತ್ತ ನಗುತ್ತಾರೆ.

"ನನ್ ಹೆಸ್ರು ಅರ್ಧ ಜಿಲ್ಲೇಲಿದೆ, ಬಿಡಿ. ಅಲ್ಲಿ ಅಬ್ಬನ ಹೆಸ್ರು ಬರೀಬೇಕು. ಬಣ್ಣ ಕಲಸಿದವರು ಗೌಸ್ ಪೀರ್ ಅಂತ. ಅದಕ್ಕೆ ಬಣ್ಣ ಈ ಬಾವಿ ನೀರಲ್ಲೇ ಕಲಸ್ಬೇಕು. ನಲ್ಲಿ ನೀರಲ್ಲಿ ಬರ್ದ್ರೆ ಸುಳ್ಳಾಗ್ತದೆ."

ನೀರು ಸಿಕ್ಕಿತಲ್ಲ, ಇವತ್ತೇ ಬರೆಯಬಾರದೇ ಎಂದು ದೊಡ್ಡಗಂಗಮ್ಮ ಅವಸರಿಸುತ್ತಾರೆ. ಇವರು ತಲೆಯಾಡಿಸಿ ಮಗ್ಗನ್ನು ಅಲುಗಿಸದೆ ತಂದು ಬಾವಿ ಕಟ್ಟೆಯ ಮೇಲೆ, ನೆರಳಿರುವ ಕಡೆ ಇಡುತ್ತಾರೆ. ಅದಕ್ಕೆ ಧೂಳು ಬೀಳದಂತೆ ಡಬ್ಬಿಯ ಮುಚ್ಚಳ ಮುಚ್ಚಿ, ಮೇಲೊಂದು ಕಲ್ಲು ಹೇರುತ್ತಾರೆ. ಇನ್ನು ಕುಣಿಗಲ್ ಬಸ್ಸಿಗೆ ಹೊತ್ತಾಗುತ್ತಿದೆ, ಅಲ್ಲಿ ಹಸುವಿನ ಮುಖ ಒರೆಸಬೇಕು.

"ಕೆಸ್ರು ತಳಕ್ಕೆ ಕೂತ್ಕೊಳ್ಳಿ ಅಮ್ಮಾ, ತಿಳಿಯಾಗ್ಲಿ. ನಾಳಿದ್ದು ಬರ್ತೀನಿ," ಎನ್ನುತ್ತ ಬಕೆಟ್ಟು ಎತ್ತಿಕೊಳ್ಳುತ್ತಾರೆ. "ಅಬ್ಬ ಇಷ್ಟು ವರ್ಷ ಕಾದವ್ರೆ. ಇನ್ನೆರಡು ದಿನ ಕಾಯಲ್ವಾ?"